ನಮ್ಮ ಹೋಟೆಲು ಮುಚ್ಚಿತು. ಬೆಳಗಿನ ಕಾಫಿ ಎಲ್ಲಿ, ಶನಿವಾರದ ಬಿಯರ್ ಎಲ್ಲಿ?

ಹನುಮಂತನಗರದ ಹಳಬ

ನಮ್ಮ ಬೀದಿಯ ತುದಿಯಲ್ಲಿದ್ದ ದರ್ಶಿನಿ ಹೋದ ತಿಂಗಳು ಬಾಗಿಲು ಹಾಕಿತು. ಕಟ್ಟಡ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುತ್ತಾರಂತೆ. ಇಪ್ಪತ್ತೆರಡು ವರ್ಷ ಬೆಳಗ್ಗೆ ಆರೂವರೆಗೆ ಅಲ್ಲಿ ನಿಂತಿದ್ದೇನೆ. ಹದಿನಾರು ವರ್ಷ ಬ್ಯಾಂಕಿಗೆ ಹೋಗುವ ಬಸ್ಸಿನ ಅವಸರದಲ್ಲಿ, ಆರು ವರ್ಷ ನಿವೃತ್ತಿಯ ನೆಮ್ಮದಿಯಲ್ಲಿ. ಈಗಲೂ ಬೆಳಗ್ಗೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ, ತಗಡಿನ ಬೇಲಿ ನೋಡಿ ವಾಪಸು ಬರುತ್ತದೆ.

ಮನೆಯಲ್ಲಿ ಕಾಫಿ ಸಿಗುವುದಿಲ್ಲವೇ ಎಂದು ಕೇಳಬೇಡಿ. ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಮನೆಯ ಕಾಫಿಯ ಜೊತೆ ರಸ್ತೆ ಬರುವುದಿಲ್ಲ. ಹೂವಿನವರು, ಪೇಪರ್ ಹಾಕುವ ಹುಡುಗರು, ನಾಯಿ ಹಿಡಿದು ಬರುವ ಮೇಷ್ಟ್ರು, ಇವರ್ಯಾರೂ ಬರುವುದಿಲ್ಲ.

ನನಗೆ ಬೇಕಾದದ್ದು ಇಷ್ಟು: ನಡೆದು ಹೋಗುವಷ್ಟು ದೂರದಲ್ಲಿರಬೇಕು, ಡಿಕಾಕ್ಷನ್ ಕಾಫಿಯಾಗಿರಬೇಕು, ಬೈಟು ಕೇಳಿದರೆ ಮುಖ ಸಿಂಡರಿಸಬಾರದು. ಜೊತೆಗೆ ಇನ್ನೊಂದು ಸಣ್ಣ ಕೋರಿಕೆ. ಶನಿವಾರ ಸಂಜೆ ನಾನೂ ನನ್ನ ಹಳೆಯ ಸಹೋದ್ಯೋಗಿಯೂ ತಲಾ ಒಂದು ಬಾಟಲಿ ಬಿಯರ್ ಕುಡಿಯುತ್ತೇವೆ, ಒಂದೇ. ನಾವು ಹೋಗುತ್ತಿದ್ದ ಬಾರಿನಲ್ಲಿ ಮೂರು ಟಿವಿ ತಂದು ಹಾಕಿದ್ದಾರೆ, ಮೂರರಲ್ಲೂ ಬೇರೆ ಬೇರೆ ಪಂದ್ಯ. ಅವನಿಗೆ ಒಂದು ಕಿವಿ ಮಂದ. ಮಾತಾಡಿಕೊಂಡು ಕುಡಿಯುವಂಥ, ಜೇಬಿಗೆ ಭಾರವಾಗದ ಜಾಗ ಇದ್ದರೆ ತಿಳಿಸಿ.

ಡಿಕಾಕ್ಷನ್ ದಾಸ

ಹನುಮಂತನಗರದಲ್ಲಿ ಕುಳಿತು ಕಾಫಿ ಎಲ್ಲಿ ಎಂದು ಕೇಳುವುದು ಗಂಗೆಯ ದಡದಲ್ಲಿ ಬಾವಿ ತೋಡಿದ ಹಾಗೆ, ಸರ್. ಗಾಂಧಿ ಬಜಾರಿಗೆ ಇಳಿದರೆ 1943ರ ವಿದ್ಯಾರ್ಥಿ ಭವನ ಇದೆ. ಶುಕ್ರವಾರ ಮಾತ್ರ ಹೋಗಬೇಡಿ, ರಜೆ. ಇನ್ನೂ ಸ್ವಲ್ಪ ನಡೆದರೆ ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್, 1965ರಿಂದ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು ಬಿಟ್ಟು ಬೇರೆ ಯೋಚನೆಯನ್ನೇ ಮಾಡದವರು. ಸಾಂಬಾರ್ ಕೇಳಿದವರನ್ನು ಪಕ್ಕದವರೇ ತಿದ್ದುತ್ತಾರೆ. ಆ ಚಟ್ನಿ ಮುಗಿಸಿ ಕಾಫಿ ಕುಡಿದರೆ ಮನೆಗೆ ಹೋಗುವ ದಾರಿ ಇಳಿಜಾರು ಎನಿಸುತ್ತದೆ.

ಹನುಮಂತನಗರದ ಹಳಬ

ದಾಸರೇ, ಎರಡೂ ಕಡೆ ನನಗೆ ಅಪಾರ ಗೌರವವಿದೆ. ನಮ್ಮ ಮದುವೆಯ ಮಾತುಕತೆ ಮುಗಿದ ದಿನ ವಿದ್ಯಾರ್ಥಿ ಭವನದಲ್ಲೇ ಮಸಾಲೆ ದೋಸೆ ತಿಂದದ್ದು. ತೋಳಿನುದ್ದಕ್ಕೆ ತಟ್ಟೆ ಪೇರಿಸಿಕೊಂಡು ಬರುವ ಮಾಣಿಯನ್ನು ನೋಡುತ್ತಾ ನನ್ನ ಮಾವನವರು ವರದಕ್ಷಿಣೆಯ ಮಾತನ್ನೇ ಮರೆತರು. ಆದರೆ ಈಗ ಅಲ್ಲಿ ಹೆಸರು ಬರೆಸಿ ಕಾಯಬೇಕು. ಸುತ್ತ ಎಲ್ಲರೂ ಫೋನಿನಲ್ಲಿ ತಟ್ಟೆಯ ಚಿತ್ರ ತೆಗೆಯುತ್ತಿರುತ್ತಾರೆ. ತಿರುಪತಿಗೆ ವರ್ಷಕ್ಕೊಮ್ಮೆ ಹೋಗಬಹುದು; ದಿನಬೆಳಗಾದರೆ ಕೈಮುಗಿಯುವುದಕ್ಕೆ ಬೀದಿಯ ಗಣಪತಿಯೇ ಬೇಕು. ನಾನು ಹುಡುಕುತ್ತಿರುವುದು ಆ ಗಣಪತಿಯನ್ನು.

ಕೋಣೆ ನಂಬರ್ 14

ನಾನು ಪಿಜಿಯಲ್ಲಿರುವವನು. ನಮ್ಮ ಕೆಳಗಿನ ದರ್ಶಿನಿಯಲ್ಲಿ ಕಾಫಿಗೆ 20 ರೂಪಾಯಿ ಮಾಡಿದ್ದಾರೆ, ಲೋಟ ಮಾತ್ರ ಹೆಬ್ಬೆರಳಿನಷ್ಟಾಗಿದೆ. ಅದರಲ್ಲಿ ಬೈಟು ಮಾಡಿದರೆ ಕಣ್ಣಿಗೆ ಹಾಕುವ ಔಷಧಿಯಷ್ಟು ಬರುತ್ತದೆ. ಕಾಫಿಗೂ ಸರ್ಕಾರವೇ ದರ ಕಟ್ಟಿದರೆ ಏನಾಗುತ್ತದೆ? ಇಂದಿರಾ ಕ್ಯಾಂಟೀನಿನಲ್ಲಿ 2017ರಲ್ಲಿ ತಿಂಡಿಗೆ 5, ಊಟಕ್ಕೆ 10 ಎಂದು ಕಟ್ಟಲಿಲ್ಲವೇ?

ಗಲ್ಲಾಪೆಟ್ಟಿಗೆ

ಹದಿನಾಲ್ಕರವರೇ, ಅದು ಸರ್ಕಾರ ಕೈಯಿಂದ ಹಣ ಹಾಕಿ ನಡೆಸುವ ಕ್ಯಾಂಟೀನು. ನಾನು ಕೈಯಿಂದ ಹಾಕಿದರೆ ಮನೆಯವರು ಕೇಳುತ್ತಾರೆ. ಹೋಟೆಲು ನಡೆಸುವವನಾಗಿ ಲೆಕ್ಕ ಹೇಳುತ್ತೇನೆ, ಬೈಯುವುದು ಆಮೇಲೆ.

ಒಂದು ಕಿಲೋ ಪುಡಿಯಲ್ಲಿ ನಾನು ನೂರು ಲೋಟ ತೆಗೆಯುತ್ತೇನೆ. ಬ್ರೆಜಿಲ್ಲಿನಲ್ಲೂ ವಿಯೆಟ್ನಾಮಿನಲ್ಲೂ ಮಳೆ ಕೈಕೊಟ್ಟು 2024ರಿಂದ ಕಾಫಿಯ ದರ ಏರಿತಲ್ಲ, ಆಗ ಪುಡಿ ಕಿಲೋಗೆ 200 ರೂಪಾಯಿ ಹೆಚ್ಚಾದರೂ ಲೋಟಕ್ಕೆ ಬೀಳುವುದು 2 ರೂಪಾಯಿ. 2025ರ ಏಪ್ರಿಲಿನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಒಂದು ಲೀಟರಿಗೆ ಹನ್ನೆರಡು ಹದಿಮೂರು ಲೋಟ ಎಂದರೆ ಲೋಟಕ್ಕೆ ಮೂವತ್ತು ಪೈಸೆ ಚಿಲ್ಲರೆ. ಬೆಲೆ ಏರಿಸುವಾಗ ನಾವೆಲ್ಲ ಹಾಲಿನ ಕಡೆ ಬೆರಳು ತೋರಿಸುತ್ತೇವೆ, ಏಕೆಂದರೆ ಹಾಲಿನ ದರ ಪತ್ರಿಕೆಯಲ್ಲಿ ಬರುತ್ತದೆ. ನಮ್ಮನ್ನು ನಿಜವಾಗಿ ಹಿಂಡುವುದು ಬಾಡಿಗೆ ಮತ್ತು ಕೆಲಸದವರ ಕೊರತೆ. ಅವು ಪತ್ರಿಕೆಯಲ್ಲಿ ಬರುವುದಿಲ್ಲ.

ಸರ್ಕಾರ ದರ ಕಟ್ಟಿದ ಕತೆಯೂ ಇದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲಿನ ತಿಂಡಿಗೆ ಮಿತಿ ಹಾಕಿದರು. ಆ ದರಕ್ಕೆ ತಮ್ಮ ತಿಂಡಿ ಕೊಡಲಾಗದೆ 1924ರಿಂದ ನಡೆದುಬಂದ ಎಂಟಿಆರ್ ಬಾಗಿಲು ಹಾಕಿತು, ಪುಡಿ ಮತ್ತು ಮಿಕ್ಸ್ ಮಾರುವ ಕಡೆಗೆ ಹೊರಳಿತು. ನಿಮ್ಮ ಅಡುಗೆಮನೆಯಲ್ಲಿರುವ ರವೆ ಇಡ್ಲಿ ಮಿಕ್ಸಿನ ಪೊಟ್ಟಣಕ್ಕೂ ಆ ದರಪಟ್ಟಿಗೂ ಸಂಬಂಧವಿದೆ.

ಕೋಣೆ ನಂಬರ್ 14

ಲೆಕ್ಕ ಒಪ್ಪಿದೆ. ಲೋಟದ ವಿಷಯ ನೀವು ಹೇಳಲಿಲ್ಲ.

ಗಲ್ಲಾಪೆಟ್ಟಿಗೆ

ಹೇಳುವುದಿಲ್ಲ.

ಗಿಡದ ಬುಡ

ಮೂಡಿಗೆರೆಯ ಕಡೆಯ ಸಣ್ಣ ಬೆಳೆಗಾರ ನಾನು. ಬಾಬಾಬುಡನರ ಏಳು ಬೀಜದ ಕತೆ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ದೇಶದ ಕಾಫಿಯಲ್ಲಿ ಹತ್ತಿರಹತ್ತಿರ ಶೇಕಡ 70 ನಮ್ಮ ರಾಜ್ಯದ್ದು, ಆದರೂ ಬೆಂಗಳೂರಿನವರು ಕುಡಿಯುವುದು ಗುಜರಾತಿನ ಬೇರು. ಚಿಕೋರಿ ಕಾಫಿಯಲ್ಲ, ಸ್ವಾಮಿ. ಹುರಿದು ಪುಡಿ ಮಾಡಿದ ಒಂದು ಬೇರು. ಅದರಲ್ಲಿ ಕೆಫೀನ್ ಎಂಬುದೇ ಇಲ್ಲ. ಶೇಕಡ 49ರವರೆಗೆ ಬೆರೆಸಬಹುದು ಎಂದು ಕಾನೂನು, ಅಂದರೆ ಅರ್ಧ ಲೋಟಕ್ಕೆ ಎರಡು ತೊಟ್ಟು ಕಡಿಮೆ. ಪೊಟ್ಟಣದ ಮೇಲೆ ಪ್ರಮಾಣ ಬರೆದಿರುತ್ತದೆ. ಕನ್ನಡಕ ಹಾಕಿಕೊಂಡು ಓದಿ.

ಡಿಕಾಕ್ಷನ್ ದಾಸ

ಬೆಳೆಗಾರರ ನೋವು ಅರ್ಥವಾಗುತ್ತದೆ, ಆದರೆ ಚಿಕೋರಿಯನ್ನು ಕಳ್ಳನೆಂದು ನಿಲ್ಲಿಸಬೇಡಿ. ಬರೀ ಕಾಫಿಪುಡಿ ಹಾಕಿದರೆ ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ಬಿಸಿನೀರು ಸರಸರನೆ ಇಳಿದುಬಿಡುತ್ತದೆ. ಚಿಕೋರಿ ನೀರನ್ನು ಹಿಡಿದು ನಿಲ್ಲಿಸುತ್ತದೆ, ಹನಿ ಹನಿಯಾಗಿ ಬಿಡುತ್ತದೆ. ಅದಕ್ಕೇ ಡಿಕಾಕ್ಷನ್ ಗಟ್ಟಿಯಾಗುವುದು. ಅಷ್ಟು ಹಾಲು ಸುರಿದ ಮೇಲೂ ಕಾಫಿಯ ಬಣ್ಣ ಉಳಿಯಬೇಕಾದರೆ ಇಪ್ಪತ್ತು ಭಾಗ ಬೇಕೇ ಬೇಕು. ನಮ್ಮ ಮನೆಯಲ್ಲಿ ಪೀಬೆರಿ (ಒಂಟಿ ದುಂಡು ಬೀಜದ ಕಾಫಿ) ಅರವತ್ತು, ರೊಬಸ್ಟಾ ಇಪ್ಪತ್ತು, ಚಿಕೋರಿ ಇಪ್ಪತ್ತು. ಮೂರು ತಲೆಮಾರಿನಿಂದ ಬದಲಾಗಿಲ್ಲ.

ನಲವತ್ತೊಂಬತ್ತು ಹಾಕಿ ಫಿಲ್ಟರ್ ಕಾಫಿ ಎಂದು ಫಲಕ ಬರೆಯುವವರ ಪರವಾಗಿ ನಾನು ವಾದಿಸುತ್ತಿಲ್ಲ. ಆ ಕಾಫಿ ಕುಡಿದ ಲೋಟ ತೊಳೆದರೂ ಬಣ್ಣ ಬಿಡುವುದಿಲ್ಲ.

ಗಿಡದ ಬುಡ

ಇಪ್ಪತ್ತಕ್ಕೆ ರಾಜಿ. ಅಂದ ಹಾಗೆ ನಮ್ಮ ತೋಟದ ಆಳುಗಳು ಕುಡಿಯುವುದು ಬೆಲ್ಲದ ಕರಿಕಾಫಿ. ಹಾಲೂ ಇಲ್ಲ, ಚಿಕೋರಿಯೂ ಇಲ್ಲ. ಮಳೆಗಾಲದ ಬೆಳಗ್ಗೆ ಮಳೆಗೆ ಹೊದೆಯುವ ಗೊರಬು ಕಳಚಿಟ್ಟು ಆ ಲೋಟ ಹಿಡಿದು ನೋಡಿ, ಆಮೇಲೆ ನಿಮ್ಮ ಪೀಬೆರಿಯ ಮಾತು.

ಹುಬ್ಬಳ್ಳಿ ಚಹಾ

ಇಲ್ಲಿ ಚಹಾಕ್ಕೆ ಜಾಗವಿಲ್ಲವೇ? ನಮ್ಮ ಕಡೆ ಕಾಫಿ ಅಂದರೆ ಹೆಣ್ಣು ನೋಡಲು ಬಂದವರಿಗೆ ಮಾಡುವುದು. ಅಗ್ಗದ ಊಟ ಅಂದರೆ ಖಾನಾವಳಿ: ಎರಡು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಮೂರನೆಯ ರೊಟ್ಟಿ ಬೇಡವೆಂದರೆ ಮನೆಯಲ್ಲಿ ಏನಾದರೂ ಜಗಳವೇ ಎಂದು ಕೇಳುತ್ತಾರೆ. ಮಾಂಸ ಬೇಕೆಂದರೆ ಸಾವಜಿ ಹೋಟೆಲಿಗೆ ಹೋಗಬೇಕು. ಅಲ್ಲಿಯ ಖಾರಕ್ಕೆ ಬಿಯರ್ ತಂಪು ಎಂದು ನಮ್ಮ ಸೋದರಮಾವ ನಂಬಿದ್ದರು. ಖಾರ ಹೆಚ್ಚಾಗಿ ಬಿಯರ್, ಬಿಯರ್ ಹೆಚ್ಚಾಗಿ ಮತ್ತೆ ಖಾರ. ಒಂದೇ ಬಾಟಲಿಗೆ ನಿಲ್ಲಿಸುವ ಹಳಬರನ್ನು ನೋಡಿದರೆ ನನಗೆ ಆಶ್ಚರ್ಯವಾಗುತ್ತದೆ.

ಕೋಣೆ ನಂಬರ್ 14

ಬಿಯರಿನ ಪ್ರಶ್ನೆಯನ್ನು ಎಲ್ಲರೂ ಮರೆತಂತಿದೆ. ಹಳಬರೇ, ಒಮ್ಮೆ ಇಂದಿರಾನಗರದ ಕಡೆ ಬನ್ನಿ. ಅಲ್ಲೇ ಹುದುಗಿಸಿ ಅಲ್ಲೇ ಕೊಡುವ ಬಿಯರ್, ದೊಡ್ಡ ತಾಮ್ರದ ಕೊಳಗಗಳು ಕಣ್ಣೆದುರೇ ಇರುತ್ತವೆ. ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ಪರಿಮಳ ಬರುತ್ತದೆ. ಬಾಳೆಹಣ್ಣು ಹಾಕಿರುವುದಿಲ್ಲ, ಯೀಸ್ಟಿನಿಂದ ಬರುವುದು.

ಹನುಮಂತನಗರದ ಹಳಬ

ಮಗಳು ಒಮ್ಮೆ ಕರೆದುಕೊಂಡು ಹೋಗಿದ್ದಳು. ಪರಿಮಳ ನಿಜ, ಚೆನ್ನಾಗಿತ್ತು. ಬಿಲ್ಲು ನನ್ನ ಕೈಗೆ ಸಿಗದ ಹಾಗೆ ಆಕೆ ಮಡಚಿಟ್ಟುಕೊಂಡಳು, ಆಗಲೇ ನನಗೆ ಅಂದಾಜಾಯಿತು. ಕಿವಿ ಮಂದವಾದ ನನ್ನ ಗೆಳೆಯನಿಗೆ ಆ ಸಂಗೀತದ ನಡುವೆ ನಾನು ಕೈಸನ್ನೆಯಲ್ಲೇ ಮಾತಾಡಬೇಕಾಗುತ್ತದೆ.

ದಂಡಿನ ಪೇಟೆ

ಬಿಯರಿನ ವಿಷಯದಲ್ಲಿ ಬೆಂಗಳೂರಿನವರು ಸಂಕೋಚಪಡಬೇಕಾಗಿಲ್ಲ. ಇದು ಕಾಫಿಯಷ್ಟೇ ಈ ಊರಿನ ಪಾನೀಯ. ದಂಡು ಪ್ರದೇಶದ ಬ್ರಿಟಿಷ್ ಸಿಪಾಯಿಗಳಿಗೆಂದು ಇಲ್ಲಿ ಬ್ರೂವರಿಗಳು ಎದ್ದವು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬಾತ 1857ರ ಕ್ಯಾಸಲ್ ಬ್ರೂವರಿಯೂ ಸೇರಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಸ್ವಾತಂತ್ರ್ಯದ ಹೊತ್ತಿಗೆ ಅದು ವಿಠಲ ಮಲ್ಯರ ಕೈಗೆ ಬಂತು. ಈಗ ಗಾಜಿನ ಗೋಪುರಗಳಿರುವ ಯುಬಿ ಸಿಟಿಯ ಜಾಗದಲ್ಲಿ ಬ್ರೂವರಿ ಇತ್ತು. ಆ ರಸ್ತೆಯಲ್ಲಿ ಶಾಲೆಗೆ ಹೋಗುವಾಗ ಹುಳಿಹಿಟ್ಟಿನಂಥ ವಾಸನೆ ಬರುತ್ತಿತ್ತು. ಯಾರದೋ ಮನೆಯಲ್ಲಿ ದೋಸೆಹಿಟ್ಟು ಕೆಟ್ಟಿದೆ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ.

ಬೆಲೆಯ ಬಗ್ಗೆ: ಕಾಫಿಯ ಬಿಲ್ಲಿನಲ್ಲಿ ಶೇಕಡ 5 ಜಿಎಸ್‌ಟಿ. ಬಿಯರಿಗೆ ಜಿಎಸ್‌ಟಿ ಇಲ್ಲ ಎಂದು ಖುಷಿಪಡಬೇಡಿ. ರಾಜ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು 2023ರ ಜುಲೈ ಬಜೆಟ್ಟಿನಲ್ಲಿ ಶೇಕಡ 175ರಿಂದ 185ಕ್ಕೆ ಏರಿಸಿದರು, ಆಮೇಲೂ ಕೈಬಿಡಲಿಲ್ಲ. ನೀವಿಬ್ಬರೂ ಶನಿವಾರ ಕುಡಿಯುವ ಎರಡು ಬಾಟಲಿಯಲ್ಲಿ ಒಂದನ್ನು ವಿಧಾನಸೌಧ ಕುಡಿಯುತ್ತದೆ ಎಂದಿಟ್ಟುಕೊಳ್ಳಿ.

ಸ್ಟೀಲ್ ಲೋಟ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಎರಡು ಮಾತು.

ನಾನು ಕಾಲೇಜಿಗೆ ಹೋಗುವಾಗ ಹೆಣ್ಣುಮಕ್ಕಳು ಹೋಟೆಲಿಗೆ ಕಾಲಿಟ್ಟರೆ ಮಾಣಿ ತಕ್ಷಣ ಫ್ಯಾಮಿಲಿ ರೂಮಿನ ಕಡೆ ಕೈತೋರಿಸುತ್ತಿದ್ದ. ಮರದ ಅಡ್ಡಗೋಡೆ, ಎಣ್ಣೆ ಹಿಡಿದ ಪರದೆ, ಒಂದು ಮಬ್ಬು ದೀಪ. ಒಬ್ಬಳೇ ಹೋದರೆ ಆ ಕತ್ತಲೆಯಲ್ಲಿ ಕಾಫಿ ಕುಡಿದು, ಯಾರದೋ ಸೂತಕದ ಮನೆಯಿಂದ ಬಂದವಳಂತೆ ಹೊರಗೆ ಬರಬೇಕಿತ್ತು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಚೀಟಿ ಕೊಂಡು, ಕಟ್ಟೆಯ ಬಳಿ ನಿಂತು, ತಟ್ಟೆ ತೆಗೆದುಕೊಂಡು, ಎತ್ತರದ ಮೇಜಿನ ಹತ್ತಿರ ನಿಂತೇ ತಿನ್ನುವುದು. ಅಡುಗೆಮನೆ ಕಣ್ಣಿಗೆ ಕಾಣುತ್ತಿತ್ತು, ಅದಕ್ಕೇ ಆ ಹೆಸರು. ಗೋಡೆಯೇ ಇಲ್ಲದ ಕಡೆ ಪರದೆ ಎಲ್ಲಿ ಕಟ್ಟುತ್ತಾರೆ? ನಿಂತು ತಿನ್ನುವುದು ಸಂಸ್ಕಾರವೇ ಎಂದು ನಮ್ಮ ತಂದೆ ಬಹಳ ವರ್ಷ ಗೊಣಗಿದರು. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ, ರಸ್ತೆಗೆ ಮುಖ ಮಾಡಿ ನಿಂತು, ಯಾರ ಅಪ್ಪಣೆಯನ್ನೂ ಕೇಳದೆ ಕಾಫಿ ಕುಡಿಯಲು ಕಲಿತದ್ದು ಅಲ್ಲಿ.

ಎರಡನೆಯದು: ನನಗೂ ಬಿಯರ್ ಇಷ್ಟ, ವಾರಕ್ಕೆ ಒಂದು ಲೋಟ. ಹಳಬರು ಹುಡುಕುತ್ತಿರುವ ಸದ್ದಿಲ್ಲದ, ಅಗ್ಗದ, ಮನೆಯ ಹತ್ತಿರದ ಬಾರು ನನ್ನ ಪಾಲಿಗೆ ಇಂದಿಗೂ ಇಲ್ಲ. ಒಳಗೆ ಹೋದರೆ ಟಿವಿ ಬಿಟ್ಟು ನನ್ನನ್ನು ನೋಡುತ್ತಾರೆ. ಅದಕ್ಕೇ ಮೆಟ್ರೋ ಹತ್ತಿ ಚರ್ಚ್ ಸ್ಟ್ರೀಟಿಗೆ ಹೋಗುತ್ತೇನೆ. ಮೊದಲು ಇಂಡಿಯಾ ಕಾಫಿ ಹೌಸು, ಆಮೇಲೆ ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಿಂದ ಇರುವ ಪೆಕೋಸ್. ಕತ್ತಲು, ಹಳೆಯ ರಾಕ್ ಸಂಗೀತ, ಮಗ್ಗಿನಲ್ಲಿ ಬಿಯರ್, ಯಾರಿಗೂ ಯಾರ ಗೊಡವೆಯೂ ಇಲ್ಲ.

ಹನುಮಂತನಗರದ ಹಳಬ

ಅಮ್ಮಾ, ಮೂವತ್ತು ವರ್ಷದಿಂದ ಬಾರಿಗೆ ಹೋಗುತ್ತಿದ್ದೇನೆ, ಒಳಗೆ ಹೆಂಗಸರು ಇಲ್ಲ ಎಂಬುದನ್ನು ಗಮನಿಸಿಯೇ ಇರಲಿಲ್ಲ. ಫ್ಯಾನು ಇಲ್ಲದಿದ್ದರೆ ಗಮನಿಸುತ್ತಿದ್ದೆ. ನಿಮ್ಮ ಮಾತು ಓದಿ ಮನೆಯವಳಿಗೆ ಹೇಳಿದೆ. ಕಾಫಿ ಹೌಸಿಗೆ ಬರುತ್ತಾಳಂತೆ, ಮುಂದಿನದು ಆಮೇಲೆ ನೋಡೋಣ ಅಂದಳು.

ದಂಡಿನ ಪೇಟೆ

ಕಾಫಿ ಹೌಸಿಗೆ ಹೋದರೆ ಮಾಣಿಯ ಬಿಳಿ ಉಡುಪು, ತುರಾಯಿ ರುಮಾಲು ನೋಡಿ ರಾಜನ ಸೇವಕರೆಂದು ತಿಳಿಯಬೇಡಿ, ಅವರೇ ಯಜಮಾನರು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಎಂ.ಜಿ. ರಸ್ತೆಯಲ್ಲಿದ್ದದ್ದು 2009ರಲ್ಲಿ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂತು. ಹಳಬರೇ, ನಿಮ್ಮ ಹಾಗೆಯೇ ಆಗ ಎಷ್ಟೋ ಜನರ ಕಾಲು ತಾನಾಗಿ ಹಳೆಯ ಜಾಗಕ್ಕೆ ಹೋಗಿ ವಾಪಸು ಬರುತ್ತಿತ್ತು. ಕಾಲಿಗೆ ಹೊಸ ದಾರಿ ಗೊತ್ತಾಗಲು ಸ್ವಲ್ಪ ದಿನ ಬೇಕು.

ಮಾಟುಂಗಾ ಲೋಕಲ್

ಮುಂಬಯಿಯಿಂದ ಬರೆಯುತ್ತಿದ್ದೇನೆ. ಅಗ್ಗದ ಇಡ್ಲಿಯೂ ಅಗ್ಗದ ಬಿಯರೂ ಒಂದೇ ಊರಿನವರ ಕೈಯಲ್ಲಿರುವುದನ್ನು ನೋಡಬೇಕಾದರೆ ಇಲ್ಲಿಗೆ ಬನ್ನಿ. ಮಾಟುಂಗಾ ಸ್ಟೇಷನ್ ಎದುರು ಬಾಳೆಲೆ ಊಟ ಹಾಕುವ ರಾಮಾ ನಾಯಕರ ಉಡುಪಿ ಬೋರ್ಡಿಂಗು 1942ರದ್ದು. ಬಡಾವಣೆ ಬಡಾವಣೆಗೆ ಇರುವ ಪರ್ಮಿಟ್ ರೂಮಿನ ಗಲ್ಲಾದಲ್ಲೂ ಹೆಚ್ಚಾಗಿ ತುಳುನಾಡಿನವರೇ, ಬಹುಪಾಲು ಶೆಟ್ಟರು. ಮಹಾರಾಷ್ಟ್ರದಲ್ಲಿ ಕುಡಿಯಲು ಪರವಾನಗಿ ಬೇಕೆಂಬ ಪಾನನಿಷೇಧ ಕಾಲದ ಕಾನೂನಿನಿಂದ ಬಂದ ಹೆಸರು ಪರ್ಮಿಟ್ ರೂಮು. ಒಂದು ಬಿಯರಿಗೆ ಬೇಯಿಸಿದ ಕಡಲೆ, ಸೌತೆಕಾಯಿ, ಉಪ್ಪಿನಕಾಯಿ ಪುಕ್ಕಟೆ. ತುಳುವಿನಲ್ಲಿ ಎರಡು ಮಾತಾಡಿದರೆ ಬಂಗುಡೆ ಮೀನಿನ ದೊಡ್ಡ ತುಂಡು. ಜೂನ್, ಜುಲೈನಲ್ಲಿ ಮಾತ್ರ ಯಾವ ಭಾಷೆಯೂ ನಡೆಯುವುದಿಲ್ಲ. ಕರಾವಳಿಯಲ್ಲಿ ಮೀನುಗಾರಿಕೆಗೆ ರಜೆ, ಬಂಗುಡೆಗೆ ಚಿನ್ನದ ಬೆಲೆ.

ನಾನು ಹದಿನೇಳನೆಯ ವಯಸ್ಸಿನಲ್ಲಿ ಇಂಥದ್ದೊಂದು ಹೋಟೆಲಿನಲ್ಲಿ ಲೋಟ ತೊಳೆದವನು. ರಾತ್ರಿ ಶಾಲೆಗೆ ಹೋಗಿ ಓದಿದೆ. ಅಗ್ಗದ ಹೋಟೆಲು ಎಂಬ ಪದ ಕೇಳಿದಾಗ ನಿಮಗೆ ದೋಸೆ ನೆನಪಾಗುತ್ತದೆ, ನನಗೆ ಬೂದಿ ನೀರು. ಸಿಟ್ಟಿನಿಂದ ಹೇಳುತ್ತಿಲ್ಲ. ಮಾಣಿಗೆ ಐದು ರೂಪಾಯಿ ಬಿಟ್ಟು ಹೋಗಿ, ಅಷ್ಟೇ.

ಗಲ್ಲಾಪೆಟ್ಟಿಗೆ

ಮಾಟುಂಗಾದವರಿಗೆ ನಮಸ್ಕಾರ. ನನ್ನ ಅಪ್ಪನೂ ಲೋಟ ತೊಳೆದೇ ಗಲ್ಲಾಕ್ಕೆ ಬಂದವರು. ಹದಿನಾಲ್ಕರವರೇ, ನಿಮ್ಮ ಲೋಟದ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ: ಹೌದು, ಚಿಕ್ಕದು ಮಾಡಿದ್ದೇವೆ. ಬೆಲೆ ಏರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಲೋಟ ಇಳಿಸಿದರೆ ನಿಮ್ಮಂಥವರಿಗೆ ಮಾತ್ರ.

ಡಿಕಾಕ್ಷನ್ ದಾಸ

ನಿಮ್ಮ ಹೋಟೆಲು ಎಲ್ಲಿದೆ ಎಂದು ಹೇಳಲೇ ಇಲ್ಲವಲ್ಲ.

ಗಲ್ಲಾಪೆಟ್ಟಿಗೆ

ಹೆಸರು ಹೇಳಿದರೆ ಜಾಹೀರಾತು ಆಗುತ್ತದೆ. ರಾಮಾಂಜನೇಯ ಗುಡ್ಡದ ಮೆಟ್ಟಿಲಿನಿಂದ ಇಳಿದು ಬರುವ ಕಡೆ, ಹಳೆಯ ಹಿಟ್ಟಿನ ಗಿರಣಿಯ ಪಕ್ಕ. ಆರು ಗಂಟೆಗೆ ಮೊದಲ ಡಿಕಾಕ್ಷನ್.

ಹನುಮಂತನಗರದ ಹಳಬ

ನಮ್ಮ ಮನೆಯಿಂದ ಏಳು ನಿಮಿಷ! ಇಂದು ಬೆಳಗ್ಗೆ ಹೋಗಿದ್ದೆ, ಯಾರೆಂದು ಹೇಳಿಕೊಳ್ಳಲಿಲ್ಲ. ವರದಿ: ಕಾಫಿಗೆ ನೂರಕ್ಕೆ ಎಪ್ಪತ್ತೈದು. ಡಿಕಾಕ್ಷನ್ ಚೆನ್ನಾಗಿದೆ, ಹಾಲನ್ನು ಎರಡು ಬಾರಿ ಕಾಯಿಸಿದ ವಾಸನೆ ಬಂತು. ಸಕ್ಕರೆ ಕಡಿಮೆ ಎಂದಿದ್ದೆ, ಹಾಕಿಯೇ ಕೊಟ್ಟರು. ಖಾರಾಬಾತು ಬಹಳ ಚೆನ್ನಾಗಿತ್ತು, ಗೋಡಂಬಿ ಎರಡು. ಲೋಟ ನಿಜವಾಗಿಯೂ ಚಿಕ್ಕದು. ಆದರೆ ನಾಯಿ ಹಿಡಿದ ಮೇಷ್ಟ್ರು ಅಲ್ಲಿ ಆಗಲೇ ನಿಂತಿದ್ದರು. ಮೂರು ವಾರದಿಂದ ಬರುತ್ತಿದ್ದಾರಂತೆ. ನನಗೆ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದರೆ, ನೀವೂ ಎಲ್ಲೋ ಹೋಗುತ್ತಿರಬೇಕು ಅಂದುಕೊಂಡೆ ಅಂದರು.

ಗಲ್ಲಾಪೆಟ್ಟಿಗೆ

ನೀಲಿ ಸ್ವೆಟರ್, ಕೈಯಲ್ಲಿ ಛತ್ರಿ? ಗೊತ್ತಾಯಿತು. ನಾಳೆಯಿಂದ ಸಕ್ಕರೆ ಇರುವುದಿಲ್ಲ. ಹಾಲಿನ ಮಾತು ಒಪ್ಪುವುದಿಲ್ಲ.

ಡಿಕಾಕ್ಷನ್ ದಾಸ

ಹಾಗಾದರೆ ಭಾನುವಾರ ಆರೂವರೆಗೆ ಎಲ್ಲರೂ ಅಲ್ಲಿ ಸೇರೋಣ. ಹಾಲನ್ನು ನಾನು ಪರೀಕ್ಷೆ ಮಾಡುತ್ತೇನೆ.

ಸ್ಟೀಲ್ ಲೋಟ

ನಾನು ಬರುತ್ತೇನೆ, ಜೊತೆಗೆ ಇಬ್ಬರು ಗೆಳತಿಯರು.

ಗಿಡದ ಬುಡ

ಶನಿವಾರ ಬೆಂಗಳೂರಿಗೆ ಬರುವ ಕೆಲಸವಿದೆ, ಉಳಿದುಕೊಳ್ಳುತ್ತೇನೆ. ಕಾಲು ಕಿಲೋ ನಮ್ಮ ತೋಟದ ಪುಡಿ ತರುತ್ತೇನೆ, ಚಿಕೋರಿ ಇಲ್ಲದ್ದು.

ಹುಬ್ಬಳ್ಳಿ ಚಹಾ

ರಾತ್ರಿಯ ರೈಲಿಗೆ ಹೊರಟರೆ ನಾನೂ ಬರಬಹುದು. ಚಹಾ ಇರುತ್ತದೆ ತಾನೇ?

ಹನುಮಂತನಗರದ ಹಳಬ

ಲೆಕ್ಕ ಹಾಕಿದೆ. ನಾನು, ಮನೆಯವಳು, ಕಿವಿ ಮಂದದ ಗೆಳೆಯ, ಮೇಷ್ಟ್ರು, ದಾಸರು, ಸ್ಟೀಲ್ ಲೋಟದವರು ಮೂವರು, ಬೆಳೆಗಾರರು, ದಂಡಿನ ಪೇಟೆಯವರು, ಹದಿನಾಲ್ಕರವರು. ಕಾಫಿಗೆ ಹನ್ನೊಂದು ಜನ. ಹುಬ್ಬಳ್ಳಿಯವರ ಚಹಾ ಬೇರೆ. ಬೈಟು ಮಾಡಿದರೆ ಆರು ಕಾಫಿ ಹೇಳಬೇಕು, ಅರ್ಧ ಉಳಿಯುತ್ತದೆ. ಅದು ಯಾರಿಗೆ?

ಕೋಣೆ ನಂಬರ್ 14

ಆ ಲೋಟಕ್ಕೆ ಬೈಟು ಕೇಳಬೇಡಿ ಸರ್. ಹನ್ನೊಂದು ಪೂರ್ತಿ ಕಾಫಿ ಹೇಳಿ, ನಾನು ಬೇಕಾದರೆ ಚಂದಾ ಎತ್ತುತ್ತೇನೆ.

ಗಲ್ಲಾಪೆಟ್ಟಿಗೆ

ಭಾನುವಾರ ಬೆಳಗ್ಗೆ ಏಳೂವರೆವರೆಗೆ ಬೈಟು ಇಲ್ಲ. ಫಲಕ ಹಾಕಿದೆ, ಹಳಬರು ಓದಿಲ್ಲ.